ವಿಮಾನ ನುಂಗಿದ ‘ಬೇಡ’

ಗೌನಕುಂಟೆಯ ಕೇರಿಯಲ್ಲಿ ಹಗಲು ಹೊತ್ತು ಒಂದು ಮಾತನ್ನು ಒಂದೇ ಉಸಿರಿಗೆ ಆಡಿ ಮುಗಿಸಿದವರು ಯಾರೂ ಇಲ್ಲ. ವಿಮಾನ ಬಿಡುವುದಿಲ್ಲ. ಅದು ನೆತ್ತಿಯ ಮೇಲೆ ಬಂತೆಂದರೆ ಬಾಯಿ ತೆರೆದವರು ತೆರೆದುಕೊಂಡೇ, ಬೈಯಲು ಕೈ ಎತ್ತಿದವರು ಎತ್ತಿಕೊಂಡೇ ನಿಲ್ಲುತ್ತಾರೆ. ಸದ್ದು ಇಳಿದ ಮೇಲೆ ಬಿಟ್ಟ ಅಕ್ಷರವನ್ನೇ ಹಿಡಿದು ಮುಂದುವರಿಸುತ್ತಾರೆ. ಹೊರಗಿನವರು ನೋಡಿದರೆ ಇಡೀ ಕೇರಿಗೆ ಒಟ್ಟಿಗೆ ಗರ ಬಡಿದಿದೆ ಎಂದುಕೊಳ್ಳಬೇಕು.

ಹೊಸಕೋಟೆ ಕಡೆಯಿಂದ ನರಸಮ್ಮನ ಮಗಳನ್ನು ನೋಡಲು ಬಂದವರು ಹಾಗೆಯೇ ಅಂದುಕೊಂಡರು. ಹೆಸರೇನಮ್ಮಾ ಎಂದು ಕೇಳಿದರು. ಹುಡುಗಿ ‘ಅಕ್’ ಎಂದಳು. ವಿಮಾನ ಬಂತು. ಹುಡುಗಿ ಬಾಯಿ ತೆರೆದು ಕೂತಳು. ಅವಳ ಅಪ್ಪ ಉಪ್ಪಿಟ್ಟಿನ ತಟ್ಟೆ ಮುಂದೆ ಚಾಚಿ ನಿಂತಲ್ಲೇ ನಿಂತ. ಸದ್ದು ಹೋದ ಮೇಲೆ ಹುಡುಗಿ ‘ಷತ’ ಎಂದಳು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಫಿಗೂ ಕಾಯದೆ ಎದ್ದು ಹೋದರು.

ಕೇರಿಯನ್ನು ಊರಿಂದಾಚೆಗೆ ಇಟ್ಟಿದ್ದು ಮುತ್ತಜ್ಜಂದಿರ ಕಾಲದಲ್ಲಿ. ವಿಮಾನಕ್ಕೆ ದಾರಿ ಹಾಕುವವರು ಬಂದಾಗ ಊರಿನ ಮೇಲೆ ಬೇಡ, ಪಕ್ಕದಲ್ಲಿ ಹೋಗಲಿ ಎಂದರಂತೆ. ಪಕ್ಕ ಎಂದರೆ ಕೇರಿ. ಅಲ್ಲೂ ಮನುಷ್ಯರಿದ್ದಾರೆ ಎಂದು ಹೇಳುವ ದರ್ದು ಊರಿನವರಿಗಿರಲಿಲ್ಲ. ಕೇಳುವ ದರ್ದು ಬಂದವರಿಗಿರಲಿಲ್ಲ.

ಆದರೆ ರಾತ್ರಿ ಕೇರಿಯದು. ಊಟದ ಹೊತ್ತಿಗೆ ಈ ಕಡೆಯ ಹಾರಾಟ ನಿಂತರೆ ಕೋಳಿ ಕೂಗುವವರೆಗೆ ಒಂದು ವಿಮಾನವೂ ಇಲ್ಲ. ರಾತ್ರಿ ವಿಮಾನಗಳು ಕೆರೆಯ ಆಚೆ ಬದಿಯಲ್ಲಿ ಹೋಗುತ್ತವೆ. ಹಾಗಾಗಿ ಕೇರಿಯಲ್ಲಿ ಮುಖ್ಯವಾದದ್ದೆಲ್ಲ ರಾತ್ರಿಯೇ ನಡೆಯಬೇಕು. ಮದುವೆಯ ಮಾತುಕತೆ ರಾತ್ರಿ. ನ್ಯಾಯ ಪಂಚಾಯ್ತಿ ರಾತ್ರಿ. ಗಂಡ ಹೆಂಡಿರ ಜಗಳವೂ ರಾತ್ರಿಯೇ, ಯಾಕೆಂದರೆ ಹಗಲು ಜಗಳಕ್ಕೆ ನಿಂತರೆ ವಿಮಾನ ದಾಟುವುದರೊಳಗೆ ಸಿಟ್ಟು ಇಳಿದುಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪಾಪಮ್ಮನ ಮನೆಯಲ್ಲಿ ರಾತ್ರಿಗೆ ಇನ್ನೂ ಒಂದು ಕೆಲಸವಿತ್ತು. ಅವಳ ಮಗಳು ಸಂಘಮಿತ್ರ ಬಾಣಂತನಕ್ಕೆ ಬಂದಿದ್ದಳು. ಎಳೆಗೂಸು ಹಗಲೆಲ್ಲ ಎದೆಗೆ ಬಾಯಿ ಹಾಕುವುದು, ವಿಮಾನಕ್ಕೆ ಬೆಚ್ಚಿ ಬಿಡುವುದು, ಅಳುವುದು. ರಾತ್ರಿ ಮಾತ್ರ ಹೊಟ್ಟೆ ತುಂಬ ಕುಡಿದು ನಿದ್ದೆ ಮಾಡುತ್ತಿತ್ತು. ಮೈಗೆ ಒಂದಿಷ್ಟು ಹಿಡಿಯುತ್ತಿದ್ದರೆ ಅದು ರಾತ್ರಿಯ ಹಾಲಿನಿಂದ. ಆ ರಾತ್ರಿಯನ್ನು ತಾನೇ ಗಂಟಲು ಹರಿದುಕೊಂಡು ಕೂಗಿ ಕಳೆದುಬಿಟ್ಟೆ ಎಂದು ಪಾಪಮ್ಮನಿಗೆ ಗೊತ್ತಾದಾಗ ಅವಳು ಒಂದಿಡೀ ದಿನ ಯಾರೊಂದಿಗೂ ಮಾತಾಡಲಿಲ್ಲ. ಅದು ದೊಡ್ಡ ಸುದ್ದಿಯಾಯಿತು, ಯಾಕೆಂದರೆ ಪಾಪಮ್ಮ ಮಾತಾಡದ ದಿನವೇ ಇರಲಿಲ್ಲ.

ಪಾಪಮ್ಮನದು ಗಂಟಲಲ್ಲ, ಮೈಕು. ವಿಮಾನದ ಕೆಳಗೆ ಇಷ್ಟು ವರ್ಷ ಬಾಳಿದ ಮೇಲೆ ಅವಳಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಕೆಲಸಕ್ಕೆ ಹೋಗುತ್ತಿದ್ದುದು ಕೆರೆಯ ಆಚೆಗಿನ ವಿಲ್ಲಾ ಲೇಔಟಿಗೆ. ಮೊದಲು ಅದು ಊರಿನ ಕೆಂಪರಾಜನ ದ್ರಾಕ್ಷಿ ತೋಟ. ಅಲ್ಲಿ ಅವಳು ಔಷಧಿ ಹೊಡೆದ ಗೊನೆಗಳ ಕೆಳಗೆ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡಳು. ಈಗ ಅದೇ ನೆಲದ ಮೇಲೆ ಹಾಸಿದ ಅಮೃತಶಿಲೆಯನ್ನು ಮೊಣಕಾಲೂರಿ ಒರೆಸಿ ಮಂಡಿ ಕಳೆದುಕೊಳ್ಳುತ್ತಿದ್ದಳು. ಮೂರು ಮಹಡಿ. ಫಿನಾಯಿಲಿಗೆ ಬೆರಳಿನ ಸಂದಿಯೆಲ್ಲ ಬಿರಿದಿತ್ತು.

ಮನೆಯೊಡತಿ ಶಶಿರೇಖಾ ಮೇಡಂ ಲೇಔಟಿನ ಸಂಘದ ಅಧ್ಯಕ್ಷೆ. ಕೆಟ್ಟವಳೆಂದು ಹೇಳಲಾಗದು. ಹಬ್ಬಕ್ಕೆ ಸೀರೆ ಕೊಡುತ್ತಿದ್ದಳು. ನೀರಿನ ಲೋಟ ಮಾತ್ರ ಹಿತ್ತಲ ನಲ್ಲಿಯ ಹತ್ತಿರ ಬೇರೆ ಇಡಿಸಿದ್ದಳು. ಪಾಪಮ್ಮ ‘ಅಮ್ಮೋರೆ, ಸೋಪು ಮುಗಿದೈತೆ’ ಎಂದರೆ ಆಕೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

“ಪಾಪಮ್ಮ, ಪ್ಲೀಸ್. ನಾನಿಲ್ಲೇ ಇದ್ದೀನಿ. ಮೆಲ್ಲಗೆ ಮಾತಾಡು. ಯಾಕೆ ಯಾವಾಗ್ಲೂ ಜಗಳಕ್ಕೆ ಬಂದೋರ ಥರ?”

“ಇದೇ ಕಣಮ್ಮ ಮೆಲ್ಲಗೆ,” ಎನ್ನುತ್ತಿದ್ದಳು ಪಾಪಮ್ಮ. ಆ ‘ಮೆಲ್ಲಗೆ’ ಎದುರು ಮನೆಯ ನಾಯಿಯನ್ನು ಎಬ್ಬಿಸುತ್ತಿತ್ತು.

ಕೊನೆಗೆ ಮೇಡಂ ಒಂದು ಪುಟ್ಟ ಗಂಟೆ ತಂದು ಅವಳ ಕೈಗೆ ಕೊಟ್ಟಳು. ಏನಾದರೂ ಹೇಳಬೇಕಿದ್ದರೆ ಬಾಯಿ ತೆರೆಯಬಾರದು, ಗಂಟೆ ಅಲ್ಲಾಡಿಸಬೇಕು. ಆಕೆಯೇ ಬಂದು ಏನೆಂದು ನೋಡುವಳು. ಪಾಪಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡು ನೆಲ ಒರೆಸಿದಳು. ಬಗ್ಗಿದಾಗಲೆಲ್ಲ ಗಂಟೆ ಕುಲುಕುತ್ತಿತ್ತು. ಏನಾಯ್ತು, ಏನಾಯ್ತು ಎಂದು ಮೇಡಂ ಮೂರು ಮಹಡಿ ಹತ್ತಿ ಇಳಿದು ಸುಸ್ತಾಗಿ ಎರಡೇ ದಿನಕ್ಕೆ ಅದನ್ನು ವಾಪಸು ಇಸಿದುಕೊಂಡಳು. ಕೇರಿಯಲ್ಲಿ ಇದನ್ನು ಹೇಳಿ ಎಲ್ಲರೂ ನಕ್ಕರು. ಪಾಪಮ್ಮನೂ ನಕ್ಕಳು. ಆದರೆ ಹಸುವಿಗೆ ಕಟ್ಟಿದ ಹಾಗೆ ತನಗೆ ಗಂಟೆ ಕಟ್ಟಿದರಲ್ಲ ಎಂಬುದು ಒಳಗೆ ಚುಚ್ಚುತ್ತಲೇ ಇತ್ತು.

ಬೇಡವಾಗಿದ್ದ ಅದೇ ಗಂಟಲು ಒಂದು ದಿನ ಮೇಡಂಗೆ ಬೇಕಾಯಿತು.

ರಾತ್ರಿ ವಿಮಾನಗಳು ಲೇಔಟಿನ ಮೇಲೆ ಹೋಗುತ್ತವಲ್ಲ, ಅದರ ವಿರುದ್ಧ ಸಂಘದವರು ಹೋರಾಟ ಹೂಡಿದರು. ಟೀಶರ್ಟು ಹೊಲಿಸಿದರು. ಬೋರ್ಡು ಬರೆಸಿದರು. ಆದರೆ ಪ್ರತಿಭಟನೆಯ ದಿನ ಬಿಸಿಲು ಜೋರಿತ್ತು, ಬರುತ್ತೇವೆ ಎಂದವರಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ. ಮೇಡಂ ಮನೆಕೆಲಸದವರನ್ನೆಲ್ಲ ವ್ಯಾನಿಗೆ ಹತ್ತಿಸಿದಳು. ಪಾಪಮ್ಮನಿಗೂ ಸೀರೆಯ ಮೇಲೊಂದು ಟೀಶರ್ಟು ತೊಡಿಸಿ ಕೈಗೊಂದು ಇಂಗ್ಲಿಷ್ ಬೋರ್ಡು ಕೊಟ್ಟರು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಲೇಔಟಿನವರು ಘೋಷಣೆ ಕೂಗಿದರು. ಅದು ಪಕ್ಕದಲ್ಲಿ ನಿಂತ ಪೊಲೀಸಿನವನಿಗೂ ಕೇಳಲಿಲ್ಲ.

“ಪಾಪಮ್ಮ, ಸ್ವಲ್ಪ ಜೋರಾಗಿ ಕೂಗು,” ಎಂದಳು ಮೇಡಂ.

ಇಷ್ಟು ವರ್ಷಕ್ಕೆ ಮೊದಲ ಸಲ ಆ ಬಾಯಿಂದ ‘ಜೋರಾಗಿ’ ಎಂಬ ಮಾತು ಬಂದಿತ್ತು. ಪಾಪಮ್ಮ ಸೆರಗು ಸಿಕ್ಕಿಸಿಕೊಂಡಳು. “ಬೇಕೇ ಬೇಕು!” ಎಂದಳು. ಸಿಗ್ನಲಿನಲ್ಲಿ ನಿಂತಿದ್ದ ಕಾರುಗಳ ಗಾಜು ಇಳಿದವು. ಟೀವಿಯವರು ಓಡಿ ಬಂದರು. “ನಿದ್ದೆ ಬೇಕು!” ಎಂದರು ಮಿಕ್ಕವರು. ಅವಳು ಮಧ್ಯಾಹ್ನದವರೆಗೂ ಕೂಗಿದಳು. ಮೇಡಂ ಅವಳ ಬೆನ್ನು ತಟ್ಟಿದಳು. ಒಂದು ಪಫ್ಸು ಜಾಸ್ತಿ ಕೊಟ್ಟಳು.

ಹೋರಾಟ ಗೆದ್ದಿತು. ಲೇಔಟಿನಲ್ಲಿ ಲಾಡು ಹಂಚಿದರು. ಪಾಪಮ್ಮ ತನ್ನ ಪಾಲಿನದನ್ನು ಮನೆಗೆ ತಂದು ಮಗಳಿಗೆ ಕೊಟ್ಟಳು. ಸಂಘಮಿತ್ರ ಅದನ್ನು ತಿನ್ನುತ್ತಿರುವಾಗಲೇ ಅವಳ ಫೋನಿಗೆ ಸುದ್ದಿ ಬಂತು. ಓದಿದಳು. ಬಾಯಲ್ಲಿದ್ದುದನ್ನು ನುಂಗಲಿಲ್ಲ.

“ಅಮ್ಮ, ರಾತ್ರಿ ವಿಮಾನ ಲೇಔಟ್ ಮೇಲಿಂದ ತೆಗೀತಾರಂತೆ.”

“ಗೊತ್ತಲ್ಲ. ಅದ್ಕೇ ಲಾಡು.”

“ತೆಗ್ದು ನಮ್ ಮೇಲೆ ಹಾಕ್ತಾರಂತೆ.”

ಕೇರಿಗೆ ಕೇರಿಯೇ ಪಾಪಮ್ಮನ ಬಾಗಿಲಿಗೆ ಬಂತು. ನರಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. “ಅಲ್ಲ ಕಣೇ ಪಾಪಿ, ಊರಿಗೆಲ್ಲ ಕೇಳೋ ಹಂಗೆ ಬೇಕೇ ಬೇಕು ಬೇಕೇ ಬೇಕು ಅಂತ ಕೂಗಿದ್ಯಲ್ಲ. ತಗಾ. ಬಂತು.” ಎಲ್ಲರೂ ನಕ್ಕರು. ಪಾಪಮ್ಮನ ಗಂಡ ಮುನಿವೆಂಕಟಪ್ಪ ಗಾರೆ ಕೆಲಸದವನು, ಹಾಸ್ಯದ ಮನುಷ್ಯ. ಅವನೂ ನಗಲು ಹೋಗಿ ಹೆಂಡತಿಯ ಮುಖ ನೋಡಿ ಸುಮ್ಮನಾದ. ಅವಳು ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅವತ್ತೇ ಅವಳು ಮಾತಾಡದೆ ಇದ್ದದ್ದು.

ನಿಯಮದ ಪ್ರಕಾರ ಕೇರಿಯವರನ್ನೂ ಒಂದು ಮಾತು ಕೇಳಬೇಕಿತ್ತು. ವಿಮಾನದ ದಾರಿ ತೀರ್ಮಾನಿಸುವ ಅಧಿಕಾರಿ ಭಾನುಪ್ರಕಾಶ್ ಬರಲಿಲ್ಲ. ಸುನಿಲ್‌ಕುಮಾರ್ ಎಂಬ ಗುಮಾಸ್ತನನ್ನು ಕಳಿಸಿದರು. ಜೊತೆಯಲ್ಲಿ ಪಂಚಾಯ್ತಿ ಸದಸ್ಯ ಕೆಂಪರಾಜ್ ಬಂದ. ಲೇಔಟಿನಲ್ಲಿ ಅವನವು ಇನ್ನೂ ಮಾರಾಟವಾಗದ ಸೈಟುಗಳಿದ್ದವು, ಹಾಗಾಗಿ ಕೇರಿಯ ಮೇಲೆ ಅವನಿಗೆ ಅಕ್ಕರೆ ಉಕ್ಕಿತ್ತು. ನೀರಿನ ಟ್ಯಾಂಕಿನ ಮುಂದೆ ಎರಡು ಕುರ್ಚಿ ಹಾಕಿದರು. ಕೇರಿಯವರು ನೆಲದ ಮೇಲೆ ಕೂತರು.

“ರಾತ್ರಿ ವಿಮಾನ ಈ ಕಡೆ ಬರೋದು ಬೇಕಾ ಬೇಡ್ವಾ, ಹೇಳಿ, ಬರ್ಕೋತೀನಿ,” ಎಂದ ಗುಮಾಸ್ತ.

ಪಾಪಮ್ಮ ಎದ್ದು ನಿಂತಳು. ಮಾಡಿದ ತಪ್ಪನ್ನು ಅದೇ ಬಾಯಿಂದ ತಿದ್ದಬೇಕೆಂದು ಬಂದಿದ್ದಳು.

“ನೋಡಪ್ಪಾ, ಹಗಲೆಲ್ಲಾ ಅದರ ಕಾಟ ತಡ್ಕೊಂಡಿದೀವಿ. ಮನೇಲಿ ಎಳೆಕೂಸೈತೆ. ಅದು ಕಣ್ಮುಚ್ಚೋದೇ ರಾತ್ರಿ. ರಾತ್ರಿ ಹೊತ್ತು ವಿಮಾನ ನಮ್ ಮೇಲೆ ಬರೋದು ನಮಗೆ ಬೇ”

ವಿಮಾನ ಬಂತು. ಪಾಪಮ್ಮ ಕುರಿಯ ಹಾಗೆ ‘ಬೇ’ ಎಂದು ಬಾಯಿ ತೆರೆದು ನಿಂತಳು. ಕೇರಿಯವರೆಲ್ಲ ಹಾಗೇ ಕೂತರು. ಅದು ಹೋಯಿತು ಎನ್ನುವಷ್ಟರಲ್ಲಿ ಅದರ ಬಾಲ ಹಿಡಿದುಕೊಂಡು ಇನ್ನೊಂದು ಬಂತು. ಗುಮಾಸ್ತನಿಗೆ ಕೇರಿಯ ಪದ್ಧತಿ ಗೊತ್ತಿರಲಿಲ್ಲ. ಈ ಹೆಂಗಸಿನ ಮಾತು ಮುಗಿಯಿತು ಎಂದುಕೊಂಡ. ಏನಂದಳು ಎಂದು ಹುಬ್ಬಿನಲ್ಲೇ ಕೆಂಪರಾಜನನ್ನು ಕೇಳಿದ. ಕೆಂಪರಾಜ್ ಅವನ ಕಿವಿಗೆ ಬಗ್ಗಿ ಏನೋ ಹೇಳಿದ. ಗುಮಾಸ್ತ ಬರೆದುಕೊಂಡ. ಸದ್ದು ಇಳಿದು ಪಾಪಮ್ಮ “ಡ” ಎನ್ನುವ ಹೊತ್ತಿಗೆ ಜೀಪು ಸ್ಟಾರ್ಟಾಗಿತ್ತು.

ವಾರ ಕಳೆದ ಮೇಲೆ ಪಂಚಾಯ್ತಿ ಕಚೇರಿಯ ಗೋಡೆಗೆ ಕಾಗದ ಅಂಟಿಸಿದರು. ಸಂಘಮಿತ್ರ ನಿಂತು ಓದಿದಳು. ರಾತ್ರಿ ವಿಮಾನಗಳು ತಮಗೆ ಬೇಕು ಎಂದು ಗೌನಕುಂಟೆ ಕಾಲೊನಿಯ ನಿವಾಸಿಗಳು ಒಕ್ಕೊರಲಿನಿಂದ ತಿಳಿಸಿರುತ್ತಾರೆ.

ಪಾಪಮ್ಮ ನೇರ ಕೆಂಪರಾಜನ ಮನೆಗೆ ಹೋದಳು. ಅವನು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಇವಳು ಅಂಗಳದಲ್ಲಿ ನಿಂತಳು. ಜಗುಲಿ ಹತ್ತುವ ಪದ್ಧತಿ ಇರಲಿಲ್ಲ.

“ಗೌಡ್ರೇ, ನಾನು ಬೇಡ ಅಂದೆ. ಬೇಕು ಅಂತ ಯಾಕ್ ಬರೆಸಿದ್ರಿ?”

“ಕೂಗ್ಬೇಡ ಕಣಮ್ಮೀ, ಇಲ್ಲೇ ಇದೀನಿ,” ಎಂದ ಕೆಂಪರಾಜ್. “ಬೇ ಅಂದಿದ್ದು ಕೇಳ್ಸ್ತು. ಮಿಕ್ಕಿದ್ದು ವಿಮಾನಕ್ಕೆ ಹೋಯ್ತು. ಒಂದಕ್ಷರ ಅಂದಾಜಲ್ಲಿ ಹೇಳ್ದೆ. ಬೇಕು, ಬೇಡ, ಎರಡೂ ಬೇ ತಾನೆ?”

“ಒಂದಕ್ಷರನಾ?”

“ಅಲ್ಲದೆ, ರೋಡಲ್ಲಿ ನಿಂತು ಬೇಕೇ ಬೇಕು ಅಂತ ಕೂಗಿದ್ದು ನೀನೇ. ಟೀವೀಲಿ ನಾನೇ ನೋಡ್ದೆ. ನೀನು ಬೇಕು ಅನ್ನೋಳು ಅಂತ ತಾಲ್ಲೂಕಿಗೆ ಗೊತ್ತು.” ಅವನು ಲೋಟ ಕೆಳಗಿಟ್ಟ. “ರಾಜಿ ಆಗ್ಬಿಡು. ರಾತ್ರಿ ಎಲ್ಲಾ ಮಲ್ಗಿರ್ತೀರಿ, ಮ್ಯಾಲೆ ಏನ್ ಹೋದ್ರೆ ನಿಮಗೇನು?”

ಪಾಪಮ್ಮನ ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲಿ ನಿಂತೇ ಅವಳು ಕೊಟ್ಟ ಉತ್ತರ ಊರಿನ ಮೂರು ಬೀದಿಗೆ ಕೇಳಿಸಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆಗೆ ಬಂದು ಕೂತಾಗ ಸಂಘಮಿತ್ರ ಹೇಳಿದಳು. “ಅಮ್ಮ, ನಮ್ ಮಾತಲ್ಲೇ ಒಂದ್ ತೊಂದ್ರೆ ಐತೆ. ಮುಖ್ಯವಾದದ್ದನ್ನ ಕೊನೇಲಿ ಇಡ್ತೀವಿ. ಬೇಕು, ಬೇಡ, ಕೊಡ್ತೀನಿ, ಕೊಡಲ್ಲ, ಎಲ್ಲಾ ಕೊನೇಲೇ. ವಿಮಾನ ಬಂದು ಅದನ್ನೇ ತಿನ್ಕೊಂಡ್ ಹೋಗ್ತೈತೆ. ಅದೇ ಬೇಕಾಗಿರೋದು ಕೆಂಪರಾಜಂಗೆ. ಇನ್ಮೇಲೆ ಅದನ್ನ ಮೊದಲು ಹೇಳಣ.”

“ಹೆಂಗೆ?”

“ಬೇಡ, ರಾತ್ರಿ ವಿಮಾನ. ಹಿಂಗೆ.”

ರಾತ್ರಿ ವಿಮಾನದ ಬಗ್ಗೆ ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಕೊನೆಯ ಸಭೆ ನಡೆಯುವುದಿತ್ತು. ಅಲ್ಲಿಯವರೆಗೆ ಕೇರಿಯವರು ಮಾತನ್ನು ತಿರುಗಿಸಿ ಆಡಿ ಅಭ್ಯಾಸ ಮಾಡಿದರು. ಮಕ್ಕಳಿಗೆ ಬೇಗ ಬಂತು. ‘ಕೊಡು, ಅವ್ವ, ಬಿಸ್ಕತ್ತು’ ಎನ್ನತೊಡಗಿದವು. ದೊಡ್ಡವರಿಗೆ ಕಷ್ಟವಾಯಿತು. ಮುನಿವೆಂಕಟಪ್ಪ ಉಣ್ಣಲು ಕೂತು “ಬೇಕು” ಎಂದ. ವಿಮಾನ ಬಂತು. ಪಾಪಮ್ಮ ಸೌಟು ಹಿಡಿದು ನಿಂತಳು. ಏನು ಬೇಕು ಇವನಿಗೆ? ಮುದ್ದೆಯೋ, ಸಾರೋ, ಇನ್ನೊಂದು ಹೆಂಡತಿಯೋ? ಸದ್ದು ಹೋಗುವವರೆಗೆ ಅವನನ್ನು ದುರುಗುಟ್ಟಿ ನೋಡಿದಳು. ಅವನಿಗೆ ಅಷ್ಟರಲ್ಲಿ ಏನು ಬೇಕಿತ್ತೆಂಬುದೇ ಮರೆತುಹೋಗಿತ್ತು.

ಸಭೆಯ ದಿನ ಮಧ್ಯಾಹ್ನ ಕೇರಿಯವರು ಒಂದು ಟೆಂಪೋ ತುಂಬ ಹೋದರು. ಕೂಸನ್ನು ನರಸಮ್ಮನ ಹತ್ತಿರ ಬಿಟ್ಟು ಸಂಘಮಿತ್ರಳೂ ಬಂದಳು. ಹೋಟೆಲಿನ ಮುಂಬಾಗಿಲಲ್ಲಿ ಟೋಪಿಯ ಕಾವಲುಗಾರ ಇವರನ್ನು ನೋಡಿದವನೇ ಏನೂ ಕೇಳದೆ ಹಿಂಬಾಗಿಲಿಗೆ ಕೈ ತೋರಿಸಿದ. ಹಿಂಬಾಗಿಲಲ್ಲಿ ಒಬ್ಬ ಸೂಪರ್‌ವೈಸರು ಓಡಿ ಬಂದು, “ಏನ್ರಮ್ಮಾ ಇಷ್ಟೊತ್ತಿಗೆ ಬರೋದು? ಎರಡನೇ ಮಹಡಿ ಮೀಟಿಂಗ್ ರೂಮು ಒರೆಸ್ಬೇಕು, ಬೇಗ,” ಎಂದು ಪಾಪಮ್ಮನಿಗೆ ಮಾಪು ಕೊಟ್ಟ. ಅವಳ ಕೈ ತಾನಾಗಿ ಚಾಚಿಕೊಂಡು ಅದನ್ನು ಹಿಡಿಯಿತು. ಹಿಡಿದ ಮೇಲೆ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು. ಇಷ್ಟು ದಿನ ಒರೆಸಿದ್ದು ನೆಲವನ್ನಲ್ಲ, ತನ್ನನ್ನೇ ಎಂದು ಅನ್ನಿಸಿತು.

“ಇಡ್ಕಾ, ನಿನ್ ಮಾಪು,” ಎಂದು ವಾಪಸು ಕೊಟ್ಟಳು. “ನಾವು ಭಾಷಣಕ್ಕೆ ಬಂದೋರು.”

ಸಭಾಂಗಣದಲ್ಲಿ ದಪ್ಪ ಗಾಜು, ದಪ್ಪ ಪರದೆ. ವಿಮಾನಗಳು ಕಿಟಕಿಯಾಚೆ ಮೀನಿನ ಹಾಗೆ ಸದ್ದಿಲ್ಲದೆ ಹೋಗುತ್ತಿದ್ದವು. ಕೇರಿಯವರಿಗೆ ಆ ನಿಶ್ಶಬ್ದಕ್ಕೇ ಕಿವಿ ಗುಂಯ್ ಎಂದಿತು. ಮುಂದಿನ ಸಾಲಿನಲ್ಲಿ ಶಶಿರೇಖಾ ಮೇಡಂ ಮತ್ತು ಲೇಔಟಿನವರು ಕೂತಿದ್ದರು. ಪಕ್ಕದಲ್ಲಿ ಕೆಂಪರಾಜ್ ಗರಿಗರಿ ಖಾದಿಯಲ್ಲಿದ್ದ. ವೇದಿಕೆಯ ಮೇಲೆ ಭಾನುಪ್ರಕಾಶ್ ಸಾಹೇಬರು, ಅವರ ಬದಿಗೆ ಗುಮಾಸ್ತ ಸುನಿಲ್‌ಕುಮಾರ್.

ಮೊದಲು ವಿಮಾನದವರ ಕಡೆಯ ಕೋಟಿನ ಹುಡುಗನೊಬ್ಬ ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿದ. ವಿಮಾನದ ಹೊಗೆಯಿಂದ ಭೂಮಿ ಬಿಸಿಯೇರುತ್ತಿದೆ ಎನ್ನುವುದು ನಿಜ. ಆದರೆ ಹೆದರಬೇಕಾಗಿಲ್ಲ. ವಿಮಾನದವರು ಗಿಡ ನೆಡುತ್ತಿದ್ದಾರೆ. ಬಿಟ್ಟ ಹೊಗೆಯನ್ನೆಲ್ಲ ಆ ಗಿಡಗಳು ಕುಡಿದುಬಿಡುತ್ತವೆ. ಹಾಗಾಗಿ ಎಷ್ಟು ವಿಮಾನ ಹಾರಿದರೂ ಲೆಕ್ಕ ಸಮ.

ಮುನಿವೆಂಕಟಪ್ಪ ಕೈ ಎತ್ತಿದ. “ಸಾ, ಕತ್ತಲಾದ್ಮೇಲೆ ಗಿಡ ಮುಟ್ಬೇಡ, ಅದು ಮಲಗಿರ್ತದೆ ಅಂತ ನಮ್ಮವ್ವ ಹೇಳೋಳು. ರಾತ್ರಿ ಬಿಟ್ಟ ಹೊಗೇನ ಯಾರ್ ಕುಡೀತಾರೆ?”

ಕೋಟಿನ ಹುಡುಗ ತನ್ನ ಚಿತ್ರಗಳಲ್ಲಿ ಹುಡುಕಿದ. ಅದಕ್ಕೆ ಚಿತ್ರ ಇರಲಿಲ್ಲ.

“ನಾವು ಕುಡೀತೀವಿ ಅಂತ ಕಾಣ್ತದೆ,” ಎಂದು ಮುನಿವೆಂಕಟಪ್ಪ ತಾನೇ ಹೇಳಿ ಕೂತ.

ಪಾಪಮ್ಮನ ಸರದಿ ಬಂತು. ಮೈಕಿನ ಮುಂದೆ ನಿಂತಳು.

“ಬೇಡ!” ಎಂದಳು.

ಆ ಮಾತು ನಾಲ್ಕು ಗೋಡೆಗೂ ಬಡಿದು ತಿರುಗಿ ಬಂತು. ಮುಂದಿನ ಸಾಲಿನಲ್ಲಿ ಯಾರದೋ ಕಾಫಿ ಚೆಲ್ಲಿತು. ಶಶಿರೇಖಾ ಮೇಡಂ ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದಳು.

“ಏನಮ್ಮಾ ಬೇಡ?” ಎಂದರು ಭಾನುಪ್ರಕಾಶ್.

“ರಾತ್ರಿ ವಿಮಾನ ಸಾಮಿ. ಬರೆಸಿರೋದು ಸುಳ್ಳು. ನಾನು ಬೇಡ ಅಂದಿದ್ದೆ. ಬೇ ಅನ್ನೋ ಹೊತ್ತಿಗೆ ಮ್ಯಾಲೆ ಸದ್ದು ಬಂತು. ಅದು ಹೋಗ್ಲಿ ಅಂತ ನಾವು”

ಅಲ್ಲಿಗೆ ನಿಲ್ಲಿಸಿದಳು. ಬಾಯಿ ತೆರೆದುಕೊಂಡೇ ನಿಂತಳು. ಹಿಂದೆ ಕೂತಿದ್ದ ಕೇರಿಯವರೆಲ್ಲ ಬಾಯಿ ತೆರೆದು ಸೂರು ನೋಡಿದರು. ಸಾಹೇಬರು ಕಾದರು. ಗುಮಾಸ್ತ ಪೆನ್ನು ಎತ್ತಿ ಹಿಡಿದು ಕಾದ.

“ಯಾಕಮ್ಮಾ ನಿಲ್ಸಿದ್ರಿ?”

ಪಾಪಮ್ಮ ತಾಳಿ ಎಂದು ಕೈ ತೋರಿಸಿದಳು. ಇನ್ನೂ ಸ್ವಲ್ಪ ಹೊತ್ತು ನಿಂತು, “ಕಾಯ್ತಿದ್ವಿ ಸಾಮಿ,” ಎಂದು ಮುಗಿಸಿದಳು. “ವಿಮಾನ ಹೋಗ್ಲಿ ಅಂತ.”

“ಇಲ್ಲಿ ಎಲ್ಲಿದೆ ವಿಮಾನ?”

“ಇಲ್ಲಿಲ್ಲ ಸಾ. ನಮ್ಮನೆ ಮ್ಯಾಲೈತೆ. ನಿಮಗಿಲ್ಲಿ ಕೇಳಲ್ಲ.”

ಮುಂದಿನ ಸಾಲು ನಕ್ಕಿತು. “ಸಾರ್, ನಾಟಕ ಇದು,” ಎಂದು ಕೆಂಪರಾಜ್ ಎದ್ದ. “ಅಲ್ಲೂ ಅಷ್ಟೊಂದೇನ್ ಸದ್ದಿಲ್ಲ. ನಾನೇ ಕೂತಿದ್ದೆ. ಇವರೇ ಬೇಕು ಅಂದಿದ್ದು.”

ಅಷ್ಟರಲ್ಲಿ ಸಂಘಮಿತ್ರ ನರಸಮ್ಮನಿಗೆ ಫೋನ್ ಹಚ್ಚಿದ್ದಳು. ಸ್ಪೀಕರ್ ಒತ್ತಿ ಮೈಕಿನ ಬಾಯಿಗೆ ಹಿಡಿದಳು.

“ಹಲೋ!” ಎಂದಳು ನರಸಮ್ಮ ಸಭಾಂಗಣದ ನಾಲ್ಕು ಮೂಲೆಯಿಂದ. “ಯಾರು, ಮಿತ್ರನಾ? ಕೂಸು ಈಗ್ತಾನೆ ಕಣ್ಮುಚ್ತು ಕಣವ್ವ. ಏನ್ ಸಮಾ”

ಸಾಹೇಬರು ತಾಳ್ಮೆಗೆಟ್ಟು ಆದೇಶ ಹೇಳಲು ಆಗಲೇ ಬಾಯಿ ತೆರೆದಿದ್ದರು. “ನೋಡಿ, ಸಾಕು. ಹಿಂದಿನ ಸಭೆಯ ನಡವಳಿಯನ್ನ ನಾನು ರದ್ದು”

ವಿಮಾನ ಬಂತು. ಫೋನಿನಲ್ಲಿ ಹೊಕ್ಕು, ಮೈಕಿನಲ್ಲಿ ಹಾಯ್ದು, ಹೋಟೆಲಿನವರು ಸಂಗೀತಕ್ಕೆಂದು ಹಾಕಿಸಿದ್ದ ದೊಡ್ಡ ದೊಡ್ಡ ಸ್ಪೀಕರುಗಳಿಂದ ಹೊರಗೆ ಬಂತು. ಮೇಜಿನ ಮೇಲಿನ ನೀರಿನ ಬಾಟಲಿಗಳು ನಡುಗಿದವು. ಶಶಿರೇಖಾ ಮೇಡಂ ಕಿವಿ ಮುಚ್ಚಿಕೊಂಡು “ಆಫ್ ಮಾಡಿ! ಆಫ್ ಮಾಡಿ!” ಎಂದು ಕಿರುಚುತ್ತಿದ್ದುದು ಬಾಯಿಯ ಆಕಾರದಿಂದ ಗೊತ್ತಾಗುತ್ತಿತ್ತು. ಕೆಂಪರಾಜ್ ಕುರ್ಚಿಯ ಹಿಂದೆ ಬಗ್ಗಿದ. ಸಾಹೇಬರು ‘ರದ್ದು’ ಎಂದ ಬಾಯಿಯನ್ನು ತೆರೆದುಕೊಂಡೇ ಕೂತರು, ಕೈ ಗಾಳಿಯಲ್ಲಿತ್ತು. ಕೇರಿಯವರು ಮಾತ್ರ ಆರಾಮಾಗಿ ಕೂತಿದ್ದರು. ಸದ್ದು ಇಳಿಯಿತು. ಅದರ ಹಿಂದೆಯೇ ಕೂಸು ಬೆಚ್ಚಿ ಅಳುವುದು ಸಭಾಂಗಣದ ತುಂಬ ಕೇಳಿಸಿತು. ಅದು ಬೇಗ ನಿಲ್ಲಲಿಲ್ಲ. ಸಂಘಮಿತ್ರಳ ರವಿಕೆ ಹಾಲಿಗೆ ಒದ್ದೆಯಾಯಿತು. ಆಗ ಯಾರೂ ನಗಲಿಲ್ಲ.

ಗುಮಾಸ್ತ ಪೆನ್ನು ಕಚ್ಚಿಕೊಂಡು ತಲೆಯೆತ್ತಿದ. “ಸಾರ್, ರದ್ದು ಮಾಡ್ತೀನಿ ಅಂದ್ರಾ, ಮಾಡಲ್ಲ ಅಂದ್ರಾ?”

“ಮಾಡ್ತೀನಿ ಅಂದ್ರು!” ಎಂದಿತು ಇಡೀ ಕೇರಿ, ಒಕ್ಕೊರಲಿನಿಂದ.

“ನಾನು ಹಾಗೆ...” ಎಂದರು ಭಾನುಪ್ರಕಾಶ್. ಮೂಲೆಯಲ್ಲಿ ಟೀವಿಯವರ ಕ್ಯಾಮೆರಾ ಇತ್ತು. ಕೂಸು ಇನ್ನೂ ಅಳುತ್ತಿತ್ತು. ಅವರು ಕೈ ಕೆಳಗಿಳಿಸಿದರು. ಮುಖ ಒರೆಸಿಕೊಂಡರು. “ರದ್ದು ಮಾಡಿದೀನಿ. ಬರ್ಕೊಳ್ರೀ. ಸಭೆ ಇನ್ನೊಂದ್ಸಲ ಅವರ ಕಾಲೊನೀಲೇ ಆಗ್ಲಿ. ನಾನೇ ಬರ್ತೀನಿ. ಅಲ್ಲೀವರೆಗೂ ರಾತ್ರಿ ವಿಮಾನ ಆ ಕಡೆ ತಿರುಗಿಸೋ ಹಾಗಿಲ್ಲ.”

ಗೆದ್ದದ್ದು ಇಷ್ಟೇ, ಇನ್ನೊಂದು ಸಭೆಯವರೆಗಿನ ರಾತ್ರಿ. ಆದರೂ ಮುನಿವೆಂಕಟಪ್ಪ ಶಿಳ್ಳೆ ಹೊಡೆದ.

ಶಶಿರೇಖಾ ಮೇಡಂ ಎದ್ದು ನಿಂತಳು. “ಅನ್ಯಾಯ ಸರ್ ಇದು! ಹಾಗಾದ್ರೆ ರಾತ್ರಿ ಫ್ಲೈಟೆಲ್ಲಾ ನಮ್ಮ ತಲೆ ಮೇಲೇ ಇರ್ಬೇಕಾ? ಪಾಪಮ್ಮ, ನಮ್ಮನೆ ಅನ್ನ ತಿಂದು ನಮ್ಮ ಮೇಲೇ ಎತ್ತಿ ಹಾಕ್ತಿದೀಯಲ್ಲ, ನಿಂಗೆ ಮನಸ್ಸಾದ್ರೂ ಹೆಂಗ್ ಬಂತು?”

“ನಿಮ್ ಮೇಲೆ ಬರ್ಲಿ ಅಂತ ಯಾವಾಗಂದೆ ಅಮ್ಮೋರೆ?” ಎಂದಳು ಪಾಪಮ್ಮ. “ಬೇಡ, ನಮ್ ಮೇಲೆ. ಬೇಡ, ನಿಮ್ ಮೇಲೂ. ಮಲಗ್ಲಿ ಬಿಡಿ, ರಾತ್ರಿ ಹೊತ್ತು ಅದೂ. ಹಗಲು ಹಾರಿದ್ದು ಸಾಲದಾ ಅದಕ್ಕೆ?”

“ನಿಂಗೆ ಇದೆಲ್ಲಾ ಅರ್ಥ ಆಗಲ್ಲ. ರಾತ್ರಿ ಫ್ಲೈಟ್ ನಿಲ್ಸೋಕಾಗತ್ತಾ? ನಾವೆಲ್ಲಾ ಓಡಾಡೋದೇ ಅದರಲ್ಲಿ! ಹೋದ ತಿಂಗಳು ಸಿಂಗಪುರಕ್ಕೆ ಹೋಗಿದ್ದು ರಾತ್ರಿ ಫ್ಲೈಟು. ಮುಂದಿನ ತಿಂಗಳು ದುಬೈದೂ ರಾತ್ರೀದೇ.”

ಪಾಪಮ್ಮನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಇಷ್ಟು ವರ್ಷ ತಲೆಯ ಮೇಲೆ ಹೋಗುವ ಆ ಕಬ್ಬಿಣದ ಹೊಟ್ಟೆಯೊಳಗೆ ಯಾರು ಕೂತಿರುತ್ತಾರೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಯಾರೋ ದೊಡ್ಡವರು, ಯಾವುದೋ ದೇಶದವರು ಎಂದುಕೊಂಡಿದ್ದಳು.

“ಅಂದ್ರೆ ಮ್ಯಾಲೆ ಕೂತಿರೋರೂ ನೀವೇನಾ?” ಎಂದಳು. “ಕೆಳಗೆ ನಿದ್ದೆ ಬೇಕು ಅಂತ ಬೋರ್ಡ್ ಹಿಡ್ಕೊಂಡಿದ್ದೋರೂ ನೀವೇ, ಮ್ಯಾಲೆ ಕೂತು ಸದ್ದು ಮಾಡ್ಕೊಂಡು ಹೋಗೋರೂ ನೀವೇನಾ?”

“ಯಾರೇ ಅದು ಮ್ಯಾಲೆ ಕೂತಿರೋದು?” ಎಂದಳು ನರಸಮ್ಮ ಸ್ಪೀಕರಿನಲ್ಲಿ. ಫೋನು ಇನ್ನೂ ಕಟ್ಟಾಗಿರಲಿಲ್ಲ.

“ನಮ್ ಮೇಡಮ್ಮು ಕಣೇ!”

ಕೇರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀವಿಯವನು ನಕ್ಕ. ಲೇಔಟಿನ ಒಬ್ಬ ಮುದುಕ ನಗು ತಡೆಯಲಾಗದೆ ಕರವಸ್ತ್ರ ಬಾಯಿಗಿಟ್ಟುಕೊಂಡ. ಪಾಪಮ್ಮನೂ ನಕ್ಕಳು, ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನದು.

ಶಶಿರೇಖಾ ಮೇಡಂ ಮುಖ ಕೆಂಪಾಯಿತು. ಬೆರಳು ತೋರಿಸಿದಳು. “ಪಾಪಮ್ಮ, ನಾಳೆಯಿಂದ ನೀನು ನಮ್ಮನೆ ಕೆಲಸಕ್ಕೆ” ಎಂದಳು. ಮಿಕ್ಕ ಮಾತಿಗೆ ಕೆಮ್ಮು ಅಡ್ಡ ಬಂತು.

“ಬರಲ್ಲ,” ಎಂದಳು ಪಾಪಮ್ಮ.

ಜೋರಾಗಿ ಹೇಳಲಿಲ್ಲ. ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು.

ಗುಮಾಸ್ತ ಅಭ್ಯಾಸಬಲದಿಂದ ಅದನ್ನೂ ಬರೆದುಕೊಳ್ಳುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ ಪಾಪಮ್ಮನ ಕಡೆ ತಿರುಗಿದ. “ಬರಬೇಡ ಅಂತ ಮೇಡಂ ಅಂದಿದ್ದಾ, ಬರಲ್ಲ ಅಂತ ನೀವಂದಿದ್ದಾ?”

“ನಾನಂದಿದ್ದು. ಈ ಸಲ ಸರಿಯಾಗಿ ಬರ್ಕೊಳಪ್ಪಾ.”